ಕೆನ್ನೆಯಕ್ಕ ಒಪ್ಪಿಕೊಂಡ ತೇವ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕೆನ್ನೆಯಕ್ಕ ಎಂದೇ ಕರೆಯುತ್ತಿದ್ದರು. ಒಣಗಿಸುವ ಒಲೆಯಿಂದ ಕತ್ತಾಳೆ ನಾರಿನ ಕಂತೆ ಹೊರಬಂದ ಕೂಡಲೇ ಕೆನ್ನೆಗೆ ಒತ್ತಿಕೊಂಡು, "ಆಯ್ತು" ಅಥವಾ "ಇನ್ನೂ ಅರ್ಧ ಗಂಟೆ" ಎಂದು ತೀರ್ಪು ಕೊಡುವುದು ಅವಳ ಹತ್ತೊಂಬತ್ತು ವರ್ಷಗಳ ಕೆಲಸ. ಆ ನಾರನ್ನು ಅಂಟಿನಲ್ಲಿ ಅದ್ದಿ ಅಚ್ಚಿನಲ್ಲಿ ಒತ್ತಿದರೆ ಆಂಬುಲೆನ್ಸಿನಲ್ಲಿ ರೋಗಿಗಳನ್ನು ಹೊರುವ ಹಲಗೆಯಾಗುತ್ತದೆ. ನಾರಿನಲ್ಲಿ ತೇವ ಉಳಿದರೆ ಅಂಟು ಅದನ್ನು ಹಿಡಿಯುವುದಿಲ್ಲ. ಹಲಗೆ ಹೊರಗೆ ಮಾತ್ರ ಮಿರಮಿರ ಮಿಂಚುತ್ತದೆ, ಒಳಗೆಲ್ಲ ಪೊಳ್ಳು.

ಹೊಸ ಎಂಜಿನಿಯರ್ ತೇವ ಅಳೆಯುವ ಮೀಟರ್ ತಂದಾಗ ಅವಳೇನೂ ಮುಖ ಗಂಟಿಕ್ಕಲಿಲ್ಲ. "ಬರ್ಲಿ ಬಿಡಿ ಸಾರ್, ನನ್ನ ಕೆನ್ನೆಗೂ ವಯಸ್ಸಾಯ್ತು" ಎಂದು ನಕ್ಕಳು. ಮೀಟರೂ ಕೆನ್ನೆಯೂ ತಿಂಗಳುಗಟ್ಟಲೆ ಒಂದೇ ಮಾತಾಡಿದವು. ಖುಷಿಯಾದ ಎಂಜಿನಿಯರ್ ಅವಳನ್ನು ಮೇಲ್ವಿಚಾರಕಿ ಮಾಡಬೇಕೆಂದು ಬರೆದುಕೊಟ್ಟ. ಸೋಮವಾರ ಆದೇಶ ಬರುವುದಿತ್ತು. ಗಂಡ ಆಗಲೇ "ಮೇಡಮ್ಮೋರೇ" ಎಂದು ಕಾಲೆಳೆಯತೊಡಗಿದ್ದ.

ಶುಕ್ರವಾರ, ಒಲೆಗೂ ಅಚ್ಚಿಗೂ ನಡುವೆ, ಆಗಷ್ಟೇ ನೆಲ ಒರೆಸಿದ್ದ ಓಣಿಯಲ್ಲಿ ಒಣಗಿದ ಕಂತೆಗಳನ್ನಿಟ್ಟು, ಮೇಲೆ ಹೊದಿಕೆ ಹಾಕದೆ, ತಂಗಿಯ ಫೋನು ಬಂತೆಂದು ಹೊರಗೆ ಹೋದಳು. ತಂಗಿ ಬಾಯಿ ತೆರೆದರೆ ಮುಚ್ಚುವವಳಲ್ಲ. ಎರಡು ಗಂಟೆ ಬಿಟ್ಟು ಬಂದರೆ ಹೆಚ್ಚುಕಡಿಮೆ ಕಂತೆಗಳೆಲ್ಲ ಅಚ್ಚಿಗೆ ಹೋಗಿಬಿಟ್ಟಿದ್ದವು. ಉಳಿದಿದ್ದ ಒಂದನ್ನು ಕೆನ್ನೆಗೆ ಒತ್ತಿಕೊಂಡಳು. ತಣ್ಣಗೆ, ತೇವವಾಗಿತ್ತು. ಮೀಟರಿನ ಚೀಟಿಯಲ್ಲೇನೋ 'ಒಣಗಿದೆ' ಎಂದೇ ಇತ್ತು, ಅಳೆದದ್ದು ಒಲೆಯ ಬಾಯಲ್ಲಿ. ನಾರು ಆಮೇಲೆ ಓಣಿಯ ತೇವವನ್ನೆಲ್ಲ ಕುಡಿದಿದ್ದು ಅವಳೊಬ್ಬಳಿಗೇ ಗೊತ್ತು.

ಬಾಯಿ ಬಿಟ್ಟರೆ ಬಡ್ತಿಗೆ ಎಳ್ಳುನೀರು. ಆದರೂ ಶನಿವಾರ ಬೆಳಿಗ್ಗೆ ಲಾರಿಗೆ ಮಾಲು ತುಂಬುವ ಮೊದಲೇ ಎಂಜಿನಿಯರ್ ಮುಂದೆ ಹೋಗಿ ನಿಂತಳು. "ಸಾರ್, ನಿನ್ನೆಯ ಮೂವತ್ತು ಹಲಗೆ ಕಳಿಸ್ಬೇಡಿ. ತಪ್ಪು ನಂದು."

ಅವನು ನಂಬದೆ ಒಂದು ಹಲಗೆಯಿಂದ ಗರಗಸದಲ್ಲಿ ಪಟ್ಟಿ ಕೊಯ್ದು ಬಗ್ಗಿಸಿದ. ಲಟಕ್ಕೆಂದಿತು. ಮುರಿದ ಅಂಚಿನಲ್ಲಿ ನಾರುಗಳು ಅಂಟಿನಿಂದ ಸಲೀಸಾಗಿ ಜಾರಿ ಬಂದವು.

"ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಅಕ್ಕ."

"ಅದರ ಮೇಲೆ ಮಲಗಿದೋರಿಗೆ ಗೊತ್ತಾಗ್ತಿತ್ತಲ್ಲ ಸಾರ್."

ಎಂಥ ಹೆಂಗಸು! ಗರಗಸವನ್ನೂ ಬೇರೆಯವರ ಕೈಗೆ ಕೊಡಲಿಲ್ಲ, ಮೂವತ್ತನ್ನೂ ತಾನೇ ಕೊಯ್ದು ಹಾಕಿದಳು.

ಸೋಮವಾರದ ಆದೇಶದಲ್ಲಿ ಪಕ್ಕದ ವಿಭಾಗದವಳ ಹೆಸರಿತ್ತು. ಕೆನ್ನೆಯಕ್ಕನಿಗೆ ಅಳು ಬಂತು, ಎಲ್ಲರ ಎದುರಿಗೇ ಅತ್ತಳು. ಆಮೇಲೆ ಮುಖ ತೊಳೆದುಕೊಂಡು, ಹೊಸ ಮೇಲ್ವಿಚಾರಕಿಯನ್ನು ಕೈಹಿಡಿದು ಓಣಿಗೆ ಕರೆತಂದಳು.

"ನೋಡಮ್ಮಾ, ನಾನು ತಪ್ಪಿದ್ದು ಇಲ್ಲಿ."