ನವೀದ್ ಭಾಯಿ ಕೈಬಿಟ್ಟ ನಿಯಮಗಳು

ಶಿಡ್ಲಘಟ್ಟದ ನಮ್ಮ ಪುಟ್ಟ ಸಾಫ್ಟ್‌ವೇರ್ ಕಚೇರಿಯ ಹಿರಿಯರಾದ ನವೀದ್ ಭಾಯಿಗೆ ಬೆಳಗಾದರೆ ಒಂದೇ ಚಿಂತೆ: ಕೋಡ್ ಬರೆಯುವ ಶಿಸ್ತಿನ ನಿಯಮಗಳಲ್ಲಿ ಇಂದು ಯಾವುದನ್ನು ಕೈಬಿಡುವುದು? ಅವರ ತಾಯಿ ಕೆಟ್ಟ ರೇಷ್ಮೆಗೂಡು ಆರಿಸಿ ಎಸೆಯುವಂತೆ, ಇವರು ಕನ್ನಡಕ ಹಣೆಗೇರಿಸಿ, "ಇದೊಂದ್ ಬಿಟ್ಬಿಡಣ ಕಣಪ್ಪ, ಯಾರ್ಗೂ ಏನೂ ಆಗಲ್ಲ" ಎನ್ನುತ್ತಾರೆ. ಕೋಡಿನ ಸಾಲು ಉದ್ದವಾಗಬಾರದೆಂಬ ನಿಯಮ ಬಿಟ್ಟರು, ಅದರೊಳಗಿನ ಹೆಸರುಗಳು ಅಡ್ಡಾದಿಡ್ಡಿ ಇರಬಾರದೆಂಬುದನ್ನೂ ಬಿಟ್ಟರು. "ಹಿಂಗಾದ್ರೆ ನಿಯಮ ಯಾಕ್ ಭಾಯ್, ಗೋಡೆಗೆ ಅಂಟ್ಸೋಕಾ?" ಎಂದು ಎಲ್ಲರೆದುರು ನಾನೇ ನಗಾಡಿದ್ದೆ. ತಿಂಗಳಿಗೊಮ್ಮೆ ಯಾರು ಎಷ್ಟು ಸಲ ನಿಯಮ ಮುರಿದರೆಂದು ಕಂಪ್ಯೂಟರ್ ಎಣಿಸಿದ ಪಟ್ಟಿ ಮಾಲೀಕರಿಗೆ ಹೋಗುತ್ತದೆ. ತಪ್ಪು ಹೆಚ್ಚಾದವನ ಕೆಲಸ ಹೋಗುತ್ತದೆ; ಕೈಬಿಟ್ಟ ನಿಯಮ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಕೈಬಿಟ್ಟ ಮೂವತ್ತೊಂದು ನಿಯಮಗಳನ್ನೂ ಮುರಿಯುತ್ತಿದ್ದವನು ನಾನೊಬ್ಬನೇ ಎಂದು ಮೊನ್ನೆ ಗೊತ್ತಾಯಿತು. ಉಳಿದ ನಾಲ್ಕು ಮಾಲೀಕರೇ ಬರೆದವು, ಬಿಡುವ ಹಾಗಿಲ್ಲ. ಅವನ್ನೂ ನಾನು ಮುರಿಯುತ್ತಿದ್ದೇನೆ. ಇಂದು ನವೀದ್ ಭಾಯಿ ಆ ನಾಲ್ಕನ್ನೇ ಓದುತ್ತಾ ಕೂತಿದ್ದಾರೆ; ನನ್ನ ಕಡೆ ತಿರುಗುತ್ತಿಲ್ಲ.