ಬಿಳಿ ರಕ್ತಕಣಗಳೂ ಅಮ್ಮನ ಆಟಿ ಕಷಾಯವೂ

ಇಪ್ಪತ್ತಾರು ವರ್ಷಗಳಿಂದ ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಬಿಳಿ ರಕ್ತಕಣಗಳು ನಮ್ಮ ದೇಹದ ಸೈನಿಕರು ಎಂದು ಪ್ರತಿ ವರ್ಷವೂ ಮಕ್ಕಳಿಗೆ ಹೇಳಿದ್ದೇನೆ, ಹಾಗೆ ಬರೆಯದವರ ಅಂಕ ಕತ್ತರಿಸಿದ್ದೇನೆ. ಆ ಸೈನಿಕರು ನನ್ನ ಮೇಲೆಯೇ ತಿರುಗಿಬಿದ್ದಿದ್ದಾರೆಂದು ತಿಳಿದದ್ದು ಮಾತ್ರ ತಡವಾಗಿ.

ಮೊದಲು ಮೊಣಕಾಲಿನ ಕೆಳಗೆ ಕೆಂಪು ಚುಕ್ಕೆಗಳೆದ್ದವು. ಅಮ್ಮ ಉಷ್ಣ ಎಂದರು, ಎಳನೀರು ಕುಡಿದೆ. ಮೂತ್ರದಲ್ಲಿ ರಕ್ತ ಕಂಡಮೇಲೆ ಮಂಗಳೂರಿಗೆ ಓಡಿದೆ. ಡಾಕ್ಟರು ರಿಪೋರ್ಟು ನೋಡಿ, ಇದಕ್ಕೆ ವ್ಯಾಸ್ಕುಲೈಟಿಸ್ ಎನ್ನುತ್ತಾರೆ, ನಿಮ್ಮ ಬಿಳಿ ರಕ್ತಕಣಗಳೇ ನಿಮ್ಮ ರಕ್ತನಾಳಗಳ ಗೋಡೆ ಕೆಡಿಸುತ್ತಿವೆ ಎಂದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ರೋಗನಿರೋಧಕ ಶಕ್ತಿಯನ್ನು ಮಾತ್ರೆ ಕೊಟ್ಟು ತಗ್ಗಿಸಬೇಕು, ಇಲ್ಲದಿದ್ದರೆ ಮೂತ್ರಪಿಂಡ ಕೈಕೊಡುತ್ತದೆ, ಕೇಳದೆ ಯಾವ ಕಷಾಯವನ್ನೂ ಕುಡಿಯಬೇಡಿ ಎಂದೂ ಹೇಳಿದರು. ನನಗೆ ನಿಜವಾಗಿ ಹೆದರಿಕೆಯಾಯಿತು.

ಶಕ್ತಿ ತಗ್ಗಿಸಲು ಮದ್ದು ತಿನ್ನುವವನನ್ನು ಊರಿನಲ್ಲಿ ಯಾರು ನಂಬುತ್ತಾರೆ? ಶಿರ್ತಾಡಿಯ ನಮ್ಮ ಮನೆಗೆ ನೋಡಲು ಬಂದವರೆಲ್ಲ ಅಮೃತಬಳ್ಳಿ ತಂದರು, ಒಬ್ಬರು ಲೇಹ್ಯದ ಡಬ್ಬಿಯನ್ನೇ ತಂದರು. ದಂಗೆಯೆದ್ದ ಸೈನ್ಯಕ್ಕೆ ಊಟ ಹೊತ್ತು ತಂದ ಅವರಿಗೆಲ್ಲ ಚಹಾ ಕೊಟ್ಟು ಕಳಿಸಿದೆ.

ಅಷ್ಟರಲ್ಲಿ ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆ ಬಂತು. ಅಂದು ಪಾಲೆ ಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದಲೇ ಜಜ್ಜಿ ತೆಗೆದು, ಕಷಾಯ ಮಾಡಿ ಖಾಲಿ ಹೊಟ್ಟೆಗೆ ಕುಡಿದರೆ ವರ್ಷವಿಡೀ ರೋಗ ಬರುವುದಿಲ್ಲವೆಂಬುದು ನಮ್ಮ ಕಡೆಯ ನಂಬಿಕೆ. ನೆನಪಿರುವಂದಿನಿಂದ ಅಮ್ಮನ ಕೈಯಿಂದ ಆ ಕಹಿ ಕುಡಿದಿದ್ದೇನೆ. ಈ ಸಲ ಬೇಡ ಎಂದೆ. ಅಮ್ಮ ಲೋಟ ಹಿಡಿದು ನಿಂತೇ ಇದ್ದರು. ನನಗೆ ಸಿಟ್ಟು ಬಂತು, ಒಳಗಿನ ಮೇಷ್ಟ್ರು ಎದ್ದು ನಿಂತರು. ಬಿಳಿ ರಕ್ತಕಣ, ರಕ್ತನಾಳ, ಮೂತ್ರಪಿಂಡ ಎಲ್ಲವನ್ನೂ ವಿವರಿಸಿ, ನನ್ನ ರೋಗ ಬಂದದ್ದು ಶಕ್ತಿ ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ ಎಂದು ಪಾಠ ಮುಗಿಸಿದೆ. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ.

ಅಮ್ಮ ಲೋಟವನ್ನು ಮೆಲ್ಲನೆ ಮೇಜಿನ ಮೇಲಿಟ್ಟರು.

“ಹಾಗಾದರೆ ವರ್ಷ ವರ್ಷ ಕುಡಿಸಿದ್ದು ನಾನೇ ಅಲ್ವಾ? ಸಣ್ಣವನಿರುವಾಗ ನೀನು ಓಡಿದರೂ ಮೂಗು ಹಿಡಿದು ಕುಡಿಸಿದ್ದೇನೆ.”

ಹಾಗಲ್ಲ, ಕಷಾಯದಿಂದ ಬಂದದ್ದೆಂದು ಯಾರೂ ಹೇಳಿಲ್ಲ, ಯಾಕೆ ಬಂತೆಂದು ಡಾಕ್ಟರಿಗೇ ಗೊತ್ತಿಲ್ಲ ಎಂದು ಆಮೇಲೆ ಎಷ್ಟು ಸಲ ಹೇಳಿದೆನೋ. ಮೊದಲ ಪಾಠವೇ ಅವರಿಗೆ ಬಾಯಿಪಾಠವಾಗಿತ್ತು. ಜಾಣತನ ತೋರಿಸದೆ ಒಂದು ಗುಟುಕು ಕುಡಿದಂತೆ ನಟಿಸಬಹುದಿತ್ತಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಮಾತ್ರೆ ಕೆಲಸ ಮಾಡಿತು. ಕೆಲವು ತಿಂಗಳಲ್ಲಿ ಮೂತ್ರದ ರಕ್ತ ನಿಂತಿತು. ಮಂಗಳೂರಿನಿಂದ ಬಂದವನೇ ಮೂತ್ರಪಿಂಡ ಉಳಿಯಿತು ಎಂದು ಅಮ್ಮನಿಗೆ ಹೇಳಿದೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು.

“ಒಳ್ಳೇದಾಯ್ತು. ಇನ್ನು ನನ್ನ ಕೈಯಿಂದ ಏನೂ ತಿನ್ನಬೇಡ ಮಗಾ.”