ಶೆಡ್ಡಿನಲ್ಲಿ ಕಾಯಿಸಿದ ಗಂಜಿ

ಹೋದ ವಾರ ನಿಪ್ಪಾಣಿಯ ಬೇಕರಿಯೊಂದರಲ್ಲಿ ಬ್ರೆಡ್ಡಿಗೆ ನಿಂತಿದ್ದೆ. ಒಳಗೆ ಯಾರೋ ಹಳದಿ ಪುಡಿಯೊಂದನ್ನು ನೀರಿನಲ್ಲಿ ಕಲಸುತ್ತಿದ್ದರು. ಆ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಹಾಲಿನ ಪುಡಿಯಂತೆ, ಸ್ವಲ್ಪ ಹುರಿದ ಹಿಟ್ಟಿನಂತೆ, ಅದರ ಹಿಂದೆಲ್ಲೋ ತತ್ತಿ. ಬ್ರೆಡ್ಡು ಬಿಟ್ಟು ಹೊರಗೆ ಬಂದೆ. ನನ್ನ ಅಕ್ಕ ಶೋಭಾ ಕೊನೆಯ ತಿಂಗಳುಗಳನ್ನು ಕಳೆದದ್ದು ಆ ಪುಡಿಯ ಮೇಲೆಯೇ.

ಅಕ್ಕನನ್ನು ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆಗೆ ಕೊಟ್ಟಿದ್ದೆವು. ನಮ್ಮಲ್ಲಾಗಲಿ ಅವರಲ್ಲಾಗಲಿ ತತ್ತಿ ಹೊಸ್ತಿಲು ದಾಟಿದ್ದಿಲ್ಲ. ಅಕ್ಕನಿಗೆ ಗಂಟಲ ಕ್ಯಾನ್ಸರ್ ಆಯಿತು. ಮಿರಜಿನಲ್ಲಿ ರೇಡಿಯೇಶನ್ ಕೊಡಿಸಿದ ಮೇಲೆ ರೊಟ್ಟಿ ಹೋಗಲಿ, ಮೆತ್ತಗಿನ ಅನ್ನವೂ ಇಳಿಯದಾಯಿತು. ದನಿಯೂ ಹೋಗಿ ಬರೀ ಪಿಸುಮಾತು ಉಳಿಯಿತು. ಅಲ್ಲಿಯ ಆಹಾರ ತಜ್ಞೆ ತತ್ತಿಯ ಹಳದಿ ಭಾಗದ ಪುಡಿ ಕೊಡಲು ಹೇಳಿದಳು. ಹಳದಿಯನ್ನಷ್ಟೇ ಬೇರ್ಪಡಿಸಿ, ಕ್ರಿಮಿ ಸಾಯುವಷ್ಟು ಕಾಯಿಸಿ ಒಣಗಿಸಿದ್ದಂತೆ. ಕೊಬ್ಬು, ಪ್ರೋಟೀನು, ಜೀವಸತ್ವ ಎಲ್ಲ ಉಂಟು. ನುಂಗಲಾರದವರಿಗೆ ಒಂದೆರಡು ಚಮಚದಲ್ಲೇ ಶಕ್ತಿ.

"ತತ್ತೀದ ಐತೇನ ಇದು?" ಅಕ್ಕ ಕೇಳಿದಳು.

"ಹೌದು" ಅಂದೆ.

"ಹಾಕು. ನನಗ ಬದುಕಬೇಕಾಗೇತಿ."

ಆಕೆಯ ಅತ್ತೆ ಜಗಳ ತೆಗೆಯಲಿಲ್ಲ. "ಒಳಗ ದೇವರ ಜಗಲಿ ಐತಿ. ಹೊರಗ ಮಾಡ್ಕೊಳ್ರಿ" ಅಂದರಷ್ಟೇ. ಭಾವ ಒಣದ್ರಾಕ್ಷಿ ಮಾಡುವ ಶೆಡ್ಡಿನಲ್ಲಿ ಒಲೆ ಹೂಡಿಕೊಟ್ಟ. ಮೊದಲು ಗಂಜಿ ಮಾತ್ರ ಅಲ್ಲಿ. ಆಮೇಲೆ ಅಕ್ಕನ ಲೋಟ ಹೋಯಿತು, ಹಾಸಿಗೆ ಹೋಯಿತು, ಕೊನೆಗೆ ಅಕ್ಕನೂ ಅಲ್ಲಿಯೇ.

ಚಿಕ್ಕೋಡಿಯ ನನ್ನ ಶಾಲೆಗೆ ರಜೆ ಹಾಕಿ ಆರೈಕೆಗೆ ನಾನು ಹೋದೆ. ಮಕ್ಕಳಿಗೆ ವಿಜ್ಞಾನ ಕಲಿಸುವ ಮಹಾತಾಯಿ, ಪುಡಿಯನ್ನು ನೇರ ಕುದಿಯುವ ಗಂಜಿಗೆ ಸುರಿದೆ. ಒಡೆದ ಹಾಲಿನ ಹಾಗೆ ಗಡ್ಡೆಗಟ್ಟಿತು. ಅಕ್ಕ ಸನ್ನೆ ಮಾಡಿ ಹತ್ತಿರ ಕರೆದಳು. "ಝುಣಕಕ್ಕ ಕಡಲಿ ಹಿಟ್ಟು ಕಲಸಿದಂಗ ಮೊದಲ ಆರಿದ ನೀರಾಗ ಕಲಸಬೇ." ಪೊಟ್ಟಣದ ಮೇಲೆ ಕೇಕು, ಕಸ್ಟರ್ಡಿನ ಚಿತ್ರಗಳಿದ್ದವು. ಅವಳು ಅದನ್ನು ಸೋರೆಕಾಯಿ ಖೀರಿಗೆ ಹಾಕಿಸಿದಳು, ಕುಂಬಳದ ಸಾರಿಗೆ ಹಾಕಿಸಿದಳು. ಎಲ್ಲವೂ ಕೆನೆ ಬೆರೆಸಿದಂತೆ ದಪ್ಪಗಾಗುತ್ತಿದ್ದವು. ನಿಧಾನವಾಗಿ ಎದ್ದು ಕೂರುವಷ್ಟಾದಳು.

ನಾಗರ ಪಂಚಮಿಗೆ ಮನೆಯೊಳಗೆ ಬರುತ್ತೇನೆಂದು ಅಕ್ಕ ಹೇಳಿ ಕಳಿಸಿದಳು. ಅತ್ತೆ ಅಂಗಳದಲ್ಲೇ ನಿಂತು, "ಅದನ್ನ ಬಿಟ್ಟು, ಮೈ ತೊಳ್ಕೊಂಡು ಬಾ ಮಗಳ" ಅಂದರು. ಅಕ್ಕ ಹೇಳಿದ್ದನ್ನು ನಾನು ದೊಡ್ಡದಾಗಿ ಹೇಳಬೇಕಾಯಿತು: "ಬಿಟ್ರ ಸಾಯ್ತೀನಿ ಅಂತಾಳ್ರಿ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದರು. ಭಾವ ನೆಲ ನೋಡುತ್ತ ನಿಂತಿದ್ದ. ಹಬ್ಬದ ಉಂಡಿ ಶೆಡ್ಡಿಗೆ ಬಂತು. ಅಕ್ಕನಿಂದ ಅದನ್ನು ನುಂಗಲಾಗುತ್ತಿರಲಿಲ್ಲ.

ದೀಪಾವಳಿಗೆ ಮೊದಲೇ ರೋಗ ಶ್ವಾಸಕೋಶಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಅರ್ಧ ಲೋಟ ಗಂಜಿ ಕುಡಿದು, ನನ್ನ ತೋಳಿಗೆ ಒರಗಿದವಳು ಹಾಗೆಯೇ ಹೋದಳು. ಆಗ ಆಕೆಗೆ ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ಜನ ನೋಡಲೆಂದು ಪಡಸಾಲೆಯೊಳಗೆ ಕೂರಿಸಿದರು. ಹೊಟ್ಟೆಯಲ್ಲಿ ಅದೇ ಗಂಜಿ ಇತ್ತು. ಅದಕ್ಕೀಗ ಯಾರ ಅಡ್ಡಿಯೂ ಇರಲಿಲ್ಲ.

ಹೋದ ವಾರ ಆ ಬೇಕರಿಯಿಂದ ನಾನು ಮನೆಗೆ ಹೋಗಲಿಲ್ಲ. ಅಥಣಿ ಬಸ್ಸು ಹತ್ತಿದೆ. ಇಷ್ಟು ದಿನ ನುಂಗಿಕೊಂಡದ್ದನ್ನೆಲ್ಲ ಆ ಮುದುಕಿಯ ಮುಖದ ಮೇಲೆ ಅಂದುಬಿಡಬೇಕೆಂದಿತ್ತು. ಅಕ್ಕನ ಅತ್ತೆ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: "ಅದನ್ನ ನುಂಗಾಕ ಆಕಿಗೆ ತ್ರಾಸ ಆಗ್ತಿತ್ತೇನವಾ?"

"ಇಲ್ರಿ. ರುಚಿ ಮಾಡ್ಕೊಂಡು ಕುಡೀತಿದ್ಳು."

ಅತ್ತೆ ಬಾಗಿಲಾಚೆ ಶೆಡ್ಡಿನ ಕಡೆ ನೋಡಿದರು. "ಒಮ್ಮೆಯಾದ್ರೂ ನನ್ನ ಕರೀಬೇಕಿಲ್ಲೇನು, ಶೆಡ್ಡಿಗೆ?"

"ಕರೀತಿದ್ಳ್ರಿ. ದನಿ ಅಂಗಳ ದಾಟ್ತಿದ್ದಿಲ್ಲ."

ಅವರು ಅತ್ತರು. ಬೈಯಲೆಂದು ಹೋದವಳು, ಆ ಅಳು ನಿಲ್ಲುವ ತನಕ ಪಕ್ಕದಲ್ಲಿ ಕೂತಿದ್ದೆ. ಸಮಾಧಾನ ಮಾತ್ರ ಹೇಳಲಿಲ್ಲ.